ವಾದ ಮಾಡುವವರ ಗುಂಪಿಗೆ ಯಾವ ಆಟ? ಮಾಫಿಯಾ, ಅವಲಾನ್, ಸೀಕ್ರೆಟ್ ಹಿಟ್ಲರ್

ರಾಜಕೀಯ ಚರ್ಚೆಗೆಂದೇ ಸೇರಿದ ಆನ್‌ಲೈನ್ ಗುಂಪುಗಳಲ್ಲಿ ಸೋಶಿಯಲ್ ಡಿಡಕ್ಷನ್ ಆಟಗಳು, ಅಂದರೆ ಗುಟ್ಟಿನ ಪಾತ್ರ ಹೊತ್ತವರನ್ನು ಮಾತಿನಿಂದಲೇ ಪತ್ತೆಹಚ್ಚುವ ಆಟಗಳು, ಬೇಗ ಬೇರೂರುತ್ತವೆ. ಆರೋಪ ಹೊರಿಸುವುದು, ಅಲ್ಲಗಳೆಯುವುದು, ಬೆಂಬಲ ಕೂಡಿಸಿ ಮತಕ್ಕೆ ಹಾಕುವುದು, ಇವೆಲ್ಲ ಅಲ್ಲಿನವರಿಗೆ ಪಳಗಿದ ಕೆಲಸ. ಆದರೂ ಎಲ್ಲ ಆಟವೂ ಇಂಥ ಗುಂಪಿಗೆ ಒಗ್ಗುವುದಿಲ್ಲ. ಮೂರನ್ನೂ ಹಲವು ಸುತ್ತು ಆಡಿಸಿದ ಮೇಲೆ ಕಂಡದ್ದು ಇಷ್ಟು: ಆಟ ತನ್ನೊಳಗೇ ಎಷ್ಟು ಪುರಾವೆ ಹುಟ್ಟಿಸುತ್ತದೆಯೋ ವಾದ ಅಷ್ಟು ಚೆನ್ನಾಗಿರುತ್ತದೆ. ಪುರಾವೆ ಇಲ್ಲದ ಜಾಗಕ್ಕೆ ನಿನ್ನೆಯ ಚರ್ಚೆಯ ಸಿಟ್ಟು ಬಂದು ಕೂರುತ್ತದೆ.

ಮೂರರಲ್ಲಿ ಹಳೆಯದು ಮಾಫಿಯಾ. ಗುಟ್ಟಾಗಿ ಬೆರೆತಿರುವ ಮಾಫಿಯಾದವರನ್ನು ಊರಿನವರು ಪತ್ತೆಹಚ್ಚಬೇಕು: ಹಗಲು ಎಲ್ಲರೂ ಮತ ಹಾಕಿ ಒಬ್ಬನನ್ನು ಹೊರಹಾಕುತ್ತಾರೆ, ರಾತ್ರಿ ಮಾಫಿಯಾ ಒಬ್ಬನನ್ನು ತೆಗೆಯುತ್ತದೆ. 1986ರಲ್ಲಿ ಮಾಸ್ಕೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ದಿಮಿತ್ರಿ ದವಿಡೋಫ್ ರೂಪಿಸಿದ್ದು. 1997ರಲ್ಲಿ ಆಂಡ್ರ್ಯೂ ಪ್ಲಾಟ್ಕಿನ್ ತೋಳದ ವೇಷ ತೊಡಿಸಿದ ಮೇಲೆ ವೇರ್‌ವುಲ್ಫ್ ಎಂಬ ಹೆಸರೂ ಬಂತು. ಎಲ್ಲರೂ ಒಂದೇ ಹೊತ್ತಿಗೆ ಆನ್‌ಲೈನ್ ಬರಲಾಗದ ಗುಂಪಿಗೆ, ಬರಹದಲ್ಲೇ ನಿಧಾನವಾಗಿ ಆಡಲು ಇದಕ್ಕೆ ಸಾಟಿ ಇಲ್ಲ. ಒಂಬತ್ತು ಜನ, ಅದರಲ್ಲಿ ಇಬ್ಬರು ಮಾಫಿಯಾ. ಹಗಲಿಗೆ 48 ಗಂಟೆ, ರಾತ್ರಿಗೆ 24 ಗಂಟೆ ಇಟ್ಟರೆ ನಾಲ್ಕು ಹಗಲು ಮೂರು ರಾತ್ರಿಗೆ 264 ಗಂಟೆ, ಅಂದರೆ 11 ದಿನ.

ಒಂಬತ್ತೇ ಏಕೆ? ಊರಿನವರು ತಪ್ಪು ಮನುಷ್ಯನನ್ನು ಹೊರಹಾಕಿದರೆ ಆ ರಾತ್ರಿ ಮಾಫಿಯಾ ಇನ್ನೊಬ್ಬನನ್ನು ತೆಗೆಯುತ್ತದೆ. ಒಂಬತ್ತು ಏಳಾಗುತ್ತದೆ, ಏಳು ಐದಾಗುತ್ತದೆ. ಐವರಲ್ಲಿ ಇಬ್ಬರು ಮಾಫಿಯಾ ಉಳಿದಿದ್ದಾಗ ಮತ್ತೆ ತಪ್ಪಿದರೆ ಇಬ್ಬರಿಗಿಬ್ಬರು ಸಮವಾಗಿ ಆಟ ಮುಗಿಯಿತು. ಅಂದರೆ ಊರಿಗೆ ಎರಡು ತಪ್ಪು ಮಾಫಿ. ಎಂಟು ಜನರಿಂದ ಶುರುಮಾಡಿದರೆ ಒಂದೇ ತಪ್ಪಿಗೆ ಅವಕಾಶ. ಹತ್ತನೆಯವನನ್ನು ಸೇರಿಸಿಕೊಂಡರೂ ಹೆಚ್ಚಿನ ತಪ್ಪಿಗೆ ಜಾಗ ಸಿಗುವುದಿಲ್ಲ. ಹಾಗಾಗಿ ವಿಶೇಷ ಪಾತ್ರಗಳಿಲ್ಲದ ಆಟವನ್ನು ಬೆಸಸಂಖ್ಯೆಯಿಂದಲೇ ಶುರುಮಾಡಬೇಕು.

ಕೆಡುವುದು ಮೊದಲ ಹಗಲಿನಲ್ಲಿ. ಆಗ ಯಾರ ಕೈಯಲ್ಲೂ ಏನೂ ಇರುವುದಿಲ್ಲ, ಆದರೂ ಒಬ್ಬನನ್ನು ಹೊರಹಾಕಬೇಕು. ಮೀಸಲಾತಿಯ ಬಗ್ಗೆಯೋ ತೆರಿಗೆಯ ಬಗ್ಗೆಯೋ ವಾರವಿಡೀ ಜಗಳವಾಡಿದವರು ಇಲ್ಲಿ ಪರಸ್ಪರರ ಮೇಲೆ ಮತ ಹಾಕುತ್ತಾರೆ, ಕಾರಣ ಕೇಳಿದರೆ ‘ಮಾತಿನ ಧಾಟಿ ಸರಿ ಇಲ್ಲ’ ಎನ್ನುತ್ತಾರೆ. ಮಾಫಿಯಾದವರಿಗೆ ಆ ಜಗಳದ ಹಿಂದೆ ಅಡಗಿಕೊಂಡರೆ ಸಾಕು. ಇದನ್ನು ಕಡಿಮೆ ಮಾಡಲು ಎರಡು ಉಪಾಯ ಫಲಿಸುತ್ತವೆ. ಮೊದಲ ಹಗಲನ್ನು 24 ಗಂಟೆಗೆ ಇಳಿಸುವುದು ಒಂದು. ಪ್ರತಿ ಮತದ ಜೊತೆ ಆಟದೊಳಗಿನ ಒಂದು ಸಂದೇಶವನ್ನು ಉಲ್ಲೇಖಿಸಲೇಬೇಕೆಂಬ ನಿಯಮ ಇನ್ನೊಂದು. ಎರಡನೆಯದು ಹೆಚ್ಚು ಕೆಲಸ ಮಾಡುತ್ತದೆ, ಏಕೆಂದರೆ ಮೂರನೇ ಹಗಲಿಗೆ ಬರುವಷ್ಟರಲ್ಲಿ ಯಾರು ಯಾವ ಮಾತು ಹಿಡಿದು ಯಾರಿಗೆ ಮತ ಹಾಕಿದ್ದರು ಎಂಬ ಕಡತವೇ ಸಿದ್ಧವಾಗಿರುತ್ತದೆ. ಸಂದೇಶ ತಿದ್ದುವುದನ್ನೂ ಅಳಿಸುವುದನ್ನೂ ಪೂರ್ತಿ ನಿಷೇಧಿಸಿ. ಒಂದು ಅಕ್ಷರದೋಷ ತಿದ್ದಿದರೂ ಇಡೀ ಹಗಲು ಅದರ ಮೇಲೆಯೇ ಕಳೆದುಹೋಗುತ್ತದೆ. 36 ಗಂಟೆ ಮಾತಾಡದವನಿಗೆ ಎಚ್ಚರಿಕೆ, 48 ಆದರೆ ಬದಲಿ ಆಟಗಾರ. ಒಂಬತ್ತು ಜನರ ಆಟಕ್ಕೆ ಇಬ್ಬರು ಬದಲಿಗಳನ್ನು ಮೊದಲೇ ಗೊತ್ತುಮಾಡಿಕೊಳ್ಳದಿದ್ದರೆ ಆಟ ನಡುವೆಯೇ ಸಾಯುತ್ತದೆ.

ಅವಲಾನ್ ಈ ರೋಗಕ್ಕೆ ನೇರ ಮದ್ದು. ಡಾನ್ ಎಸ್ಕ್ರಿಡ್ಜ್ ಅವರ ರೆಸಿಸ್ಟೆನ್ಸ್ ಆಟದ ಮುಂದಿನ ರೂಪ, 2012ರದ್ದು. ಐದರಿಂದ ಹತ್ತು ಜನ ಆಡಬಹುದು, ನಡುವೆ ಯಾರೂ ಹೊರಬೀಳುವುದಿಲ್ಲ, ಅರ್ಧ ಮುಕ್ಕಾಲು ಗಂಟೆಯಲ್ಲಿ ಮುಗಿಯುತ್ತದೆ. ಏಳು ಜನರಿದ್ದರೆ ನಾಲ್ವರು ಒಳ್ಳೆಯವರು, ಮೂವರು ಕೆಟ್ಟವರು. ಪ್ರತಿ ಕಾರ್ಯಾಚರಣೆಗೆ ಒಬ್ಬ ತಂಡ ಸೂಚಿಸುತ್ತಾನೆ, ಎಲ್ಲರೂ ಅದರ ಮೇಲೆ ಮತ ಹಾಕುತ್ತಾರೆ. ಒಪ್ಪಿಗೆಯಾದ ತಂಡದವರು ಗುಟ್ಟಾಗಿ ‘ಸಫಲ’ ಅಥವಾ ‘ವಿಫಲ’ ಚೀಟಿ ಹಾಕುತ್ತಾರೆ, ಒಂದು ವಿಫಲ ಬಿದ್ದರೂ ಕಾರ್ಯಾಚರಣೆ ಸೋತಂತೆ. ಐದು ಕಾರ್ಯಾಚರಣೆಗೆ ಕ್ರಮವಾಗಿ 2, 3, 3, 4, 4 ಜನರ ತಂಡ. ನಾಲ್ಕನೆಯದು ಸೋಲಲು ಮಾತ್ರ ಎರಡು ‘ವಿಫಲ’ ಚೀಟಿ ಬೇಕು. ಮೊದಲ ಇಬ್ಬರ ತಂಡದಲ್ಲಿ ಒಂದು ವಿಫಲ ಬಿದ್ದರೆ ಆ ಇಬ್ಬರಲ್ಲಿ ಒಬ್ಬನಾದರೂ ಕೆಟ್ಟವನು. ಇದು ಅನುಮಾನವಲ್ಲ, ಗಟ್ಟಿ ಸಂಗತಿ, ವಾದ ಅದರ ಮೇಲೆ ನಿಲ್ಲುತ್ತದೆ. ಸತತ ಐದು ತಂಡಗಳು ತಿರಸ್ಕೃತವಾದರೆ ಕೆಟ್ಟವರು ಗೆಲ್ಲುತ್ತಾರೆ. ಆದ್ದರಿಂದ ಐದನೇ ಪ್ರಸ್ತಾಪಕ್ಕೆ ‘ಬೇಡ’ ಎಂದವನು ತನ್ನನ್ನು ತಾನೇ ಬಯಲು ಮಾಡಿಕೊಂಡಂತೆ.

ಆನ್‌ಲೈನ್‌ನಲ್ಲಿ ಇದರ ಬೀಗ ಸಡಿಲಾಗುವುದು ಮತದಾನದಲ್ಲಿ. ತಂಡದ ಮೇಲಿನ ಮತ ಎಲ್ಲರದ್ದೂ ಒಟ್ಟಿಗೆ ತೆರೆಯಬೇಕು. ಚಾಟ್‌ನಲ್ಲಿ ಒಬ್ಬೊಬ್ಬರೇ ಟೈಪ್ ಮಾಡಿದರೆ ಕೊನೆಯವರು ಮೊದಲಿನವರನ್ನು ನೋಡಿ ಹಾಕುತ್ತಾರೆ, ಆ ಮತಕ್ಕೆ ಬೆಲೆಯೇ ಇಲ್ಲ. ಬಾಟ್‌ಗೋ ಮಾಡರೇಟರ್‌ಗೋ ಪ್ರೈವೇಟ್ ಮೆಸೇಜ್ ಹೋಗಬೇಕು, ಏಳೂ ಬಂದ ಮೇಲೆ ಒಂದೇ ಸಂದೇಶದಲ್ಲಿ ಹೆಸರು ಸಮೇತ ಹೊರಬರಬೇಕು. ಇನ್ನೊಂದು ತೊಡಕು ಮರ್ಲಿನ್. ಕೆಟ್ಟವರು ಯಾರೆಂದು ಗೊತ್ತಿದ್ದೂ ಸುಳಿವು ಕೊಡದೆ ದಾರಿ ತೋರಿಸಬೇಕಾದ ಪಾತ್ರ ಅದು. ಒಳ್ಳೆಯವರು ಮೂರು ಕಾರ್ಯಾಚರಣೆ ಗೆದ್ದರೂ ಕೊನೆಗೆ ಕೆಟ್ಟವರಲ್ಲೊಬ್ಬನಾದ ಹಂತಕ ಮರ್ಲಿನ್‌ನನ್ನು ಗುರುತಿಸಿಬಿಟ್ಟರೆ ಗೆಲುವು ಕೈತಪ್ಪುತ್ತದೆ. ಬರಹದ ಆಟದಲ್ಲಿ ಹಂತಕ ಹಿಂದಕ್ಕೆ ಹೋಗಿ ಪ್ರತಿ ಸಾಲನ್ನೂ ಓದಬಲ್ಲ, ಮರ್ಲಿನ್ ಅಲ್ಲಿ ಸುಲಭವಾಗಿ ಸಿಕ್ಕಿಬೀಳುತ್ತಾನೆ. ಅವಲಾನ್ ಧ್ವನಿಯ ಆಟ, ಅದನ್ನು ವಾಯ್ಸ್ ಚಾನೆಲ್‌ನಲ್ಲೇ ಆಡಬೇಕು.

ಹಾಗಿದ್ದರೂ ರಾಜಕೀಯದ ಗುಂಪಿಗೆ ಮೊದಲ ಆಯ್ಕೆ ಸೀಕ್ರೆಟ್ ಹಿಟ್ಲರ್. 2016ರಲ್ಲಿ ಬಂದ ಈ ಆಟವೂ ಐದರಿಂದ ಹತ್ತು ಜನರಿಗೆ. ಯಾರು ಲಿಬರಲ್, ಯಾರು ಫ್ಯಾಸಿಸ್ಟ್ ಎಂಬುದು ಗುಟ್ಟು, ಫ್ಯಾಸಿಸ್ಟ್ ಪಕ್ಷದಲ್ಲಿ ಒಬ್ಬನದು ಹಿಟ್ಲರ್ ಪಾತ್ರ. ಇಲ್ಲಿ ವಾದದ ವಸ್ತುವೇ ಸರ್ಕಾರ ರಚನೆ. ಅಧ್ಯಕ್ಷ ಚಾನ್ಸಲರ್‌ನನ್ನು ಸೂಚಿಸುತ್ತಾನೆ, ಎಲ್ಲರೂ ಬಹಿರಂಗವಾಗಿ ಮತ ಹಾಕುತ್ತಾರೆ. ಸರ್ಕಾರ ಗೆದ್ದರೆ ಅಧ್ಯಕ್ಷ ಮೂರು ನೀತಿ ಎತ್ತಿ ಒಂದನ್ನು ಗುಟ್ಟಾಗಿ ಬಿಸಾಡುತ್ತಾನೆ, ಉಳಿದ ಎರಡರಲ್ಲಿ ಒಂದನ್ನು ಚಾನ್ಸಲರ್ ಜಾರಿಗೆ ತರುತ್ತಾನೆ. ಕಟ್ಟಿನಲ್ಲಿ 17 ನೀತಿಗಳು, 11 ಫ್ಯಾಸಿಸ್ಟ್, 6 ಲಿಬರಲ್. ಐದು ಲಿಬರಲ್ ನೀತಿ ಬಂದರೆ, ಇಲ್ಲವೇ ಹಿಟ್ಲರ್ ಸತ್ತರೆ ಲಿಬರಲ್ ಗೆಲುವು. ಆರು ಫ್ಯಾಸಿಸ್ಟ್ ನೀತಿ, ಅಥವಾ ಮೂರು ಬಂದ ನಂತರ ಹಿಟ್ಲರ್ ಚಾನ್ಸಲರ್ ಆದರೆ ಎದುರು ಪಕ್ಷದ ಗೆಲುವು.

ಸೊಗಸಿರುವುದು ಲೆಕ್ಕದಲ್ಲಿ. ಮೊದಲ ಸರ್ಕಾರ ಫ್ಯಾಸಿಸ್ಟ್ ನೀತಿ ತಂದು, ‘ಮೂರೂ ಫ್ಯಾಸಿಸ್ಟ್ ಬಂದಿತ್ತು’ ಎಂದು ಇಬ್ಬರೂ ಹೇಳುತ್ತಾರೆ ಎನ್ನಿ. ತುಂಬಿದ ಕಟ್ಟಿನಿಂದ ಮೂರು ಎತ್ತುವ 680 ಬಗೆಗಳಲ್ಲಿ ಮೂರೂ ಫ್ಯಾಸಿಸ್ಟ್ ಆಗುವುದು 165 ಬಗೆಯಲ್ಲಿ, ಅಂದರೆ ನೂರಕ್ಕೆ 24. ಹಾಗೆ ಹೇಳಿದ ತಕ್ಷಣ ಹರಿಹಾಯಲು ಇಷ್ಟು ಸಾಲದು. ಆದರೆ ಅಧ್ಯಕ್ಷ ‘ಒಂದು ಲಿಬರಲ್ ಕೊಟ್ಟಿದ್ದೆ’ ಎಂದು, ಚಾನ್ಸಲರ್ ‘ನೀನು ಕೊಟ್ಟ ಎರಡೂ ಫ್ಯಾಸಿಸ್ಟ್’ ಎಂದರೆ ಇಬ್ಬರಲ್ಲಿ ಒಬ್ಬ ಸುಳ್ಳುಗಾರ, ಮೂರನೇ ದಾರಿ ಇಲ್ಲ. ಇನ್ನೂ ಮುಂದೆ ಹೋಗಬಹುದು. ಐದು ಸರ್ಕಾರಗಳು 15 ನೀತಿ ಎತ್ತಿದ ಮೇಲೆ ಎರಡೇ ಉಳಿದು ಮರುಕಲಕುವಿಕೆ ಆಗುತ್ತದೆ. ಉಳಿದ ಎರಡರಲ್ಲಿ ಹೆಚ್ಚೆಂದರೆ ಎರಡು ಲಿಬರಲ್ ಇರಬಹುದು, ಆದ್ದರಿಂದ ಎತ್ತಿದ್ದರಲ್ಲಿ ಕನಿಷ್ಠ ನಾಲ್ಕು ಇದ್ದೇ ಇರಬೇಕು. ಐವರು ಅಧ್ಯಕ್ಷರ ಹೇಳಿಕೆ ಕೂಡಿಸಿದಾಗ ಮೂರೇ ಬಂದರೆ ಯಾರೋ ಒಂದನ್ನಾದರೂ ನುಂಗಿದ್ದಾರೆ. ಮೂರು ಚುನಾವಣೆ ಸತತ ಸೋತು ಮೇಲಿನ ನೀತಿ ತಾನಾಗಿ ಜಾರಿಯಾಗಿದ್ದರೆ ಈ ಲೆಕ್ಕ ಬದಲಾಗುತ್ತದೆ, ಅದನ್ನು ಬರೆದಿಟ್ಟುಕೊಳ್ಳಿ.

ಬಾಟ್ ಇಲ್ಲದೆ ಮಾಡರೇಟರ್ ಕೈಯಲ್ಲೇ ನಡೆಸುವಾಗ ಆಗುವ ದೊಡ್ಡ ತಪ್ಪೂ ಇಲ್ಲೇ. ಪ್ರತಿ ಸಲ ಹೊಸದಾಗಿ ಯಾದೃಚ್ಛಿಕ ಸಂಖ್ಯೆ ತೆಗೆದು ನೀತಿ ಕೊಟ್ಟರೆ ಕಟ್ಟು ಖಾಲಿಯಾಗುವುದೇ ಇಲ್ಲ, ಮೇಲಿನ ಎಣಿಕೆಯೆಲ್ಲ ಕುಸಿಯುತ್ತದೆ. ಸ್ಪ್ರೆಡ್‌ಶೀಟ್‌ನಲ್ಲಿ 17 ಸಾಲು ಬರೆದು ಒಮ್ಮೆ ಕಲಕಿ, ಮೇಲಿನಿಂದ ಕೆಳಕ್ಕೆ ಕೊಡುತ್ತ ಹೋಗಬೇಕು. ನೀತಿ ಕೈಬದಲಾಗುವಾಗ ಅಧ್ಯಕ್ಷ, ಚಾನ್ಸಲರ್ ಇಬ್ಬರನ್ನೂ ಮ್ಯೂಟ್ ಮಾಡಿ.

ಹೆಸರಿನ ತೊಂದರೆ ಮಾತ್ರ ನಿಜವಾದದ್ದು. ಆಟದಲ್ಲಿ ಹತ್ತು ಸಲ ‘ನೀನು ಫ್ಯಾಸಿಸ್ಟ್’ ಅಂದದ್ದು ಮಾರನೆಯ ದಿನ ಚರ್ಚೆಯ ಚಾನೆಲ್‌ನಲ್ಲಿ ನಿಜವಾದ ಬೈಗುಳವಾಗಿ ಹೊರಬೀಳುತ್ತದೆ. ಆಟದ ಪರವಾನಗಿ ಕ್ರಿಯೇಟಿವ್ ಕಾಮನ್ಸ್‌ನದು. ಮೂಲ ರಚನಾಕಾರರ ಹೆಸರು ಹೇಳಿ, ದುಡ್ಡು ಮಾಡದೆ, ಅದೇ ಪರವಾನಗಿಯಲ್ಲಿ ಹಂಚಿಕೊಂಡರೆ ಬದಲಾಯಿಸಬಹುದು. ಕೆಂಪು, ನೀಲಿ ಎಂದು ಪಕ್ಷಗಳನ್ನು ಕರೆದು, ಹಿಟ್ಲರ್ ಜಾಗಕ್ಕೆ ‘ಗುಪ್ತ ನಾಯಕ’ ಇಟ್ಟರೆ ಲೆಕ್ಕದಲ್ಲಿ ಒಂದು ಕೂದಲೂ ಕೊಂಕುವುದಿಲ್ಲ. ಯಾವುದೇ ಪಕ್ಷದ ಬಾವುಟ ನೆನಪಿಸುವ ಬಣ್ಣ ಬೇಡವೆನಿಸಿದರೆ ಆಕಾರಗಳನ್ನು ಬಳಸಿ, ಚೌಕ ಮತ್ತು ವೃತ್ತ.

ಐದಾರು ಜನರಿದ್ದಾಗ ಇದರ ರುಚಿ ಕಡಿಮೆ, ಹಿಟ್ಲರ್‌ಗೆ ತನ್ನ ಜೊತೆಗಾರ ಗೊತ್ತಿರುತ್ತಾನೆ. ಏಳರಿಂದ ಮೇಲೆ ಗೊತ್ತಿರುವುದಿಲ್ಲ, ಆಗಲೇ ಆಟ ಕಳೆಗಟ್ಟುವುದು. ಐವರೇ ಸಿಕ್ಕ ದಿನ ಅವಲಾನ್ ಹಾಕಿ. ಹತ್ತು ದಾಟಿದರೆ ಬ್ಲಡ್ ಆನ್ ದ ಕ್ಲಾಕ್‌ಟವರ್ ಇದೆ, ಇಪ್ಪತ್ತರವರೆಗೂ ಆಡಬಹುದು, ಸತ್ತವರಿಗೂ ಒಂದು ಮತ ಉಳಿದಿರುತ್ತದೆ. ಆದರೆ ಪಳಗಿದ ಕಥೆಗಾರ, ಅಂದರೆ ಆಟ ನಡೆಸುವವರು, ಇಲ್ಲದೆ ಅದಕ್ಕೆ ಕೈಹಾಕಬೇಡಿ. ಅಮಂಗ್ ಅಸ್ ಈ ಸಾಲಿಗೆ ಸೇರುವುದಿಲ್ಲ, ಅಲ್ಲಿ ವಾದಕ್ಕಿಂತ ಓಡಾಟ ಹೆಚ್ಚು.

ಯಾವುದನ್ನು ಆರಿಸಿದರೂ ಆಟದ ಚಾನೆಲ್‌ನ ಮಾತನ್ನು ಚರ್ಚೆಯ ಚಾನೆಲ್‌ಗೆ ಉಲ್ಲೇಖವಾಗಿ ತರುವುದು ನಿಷಿದ್ಧ ಎಂದು ಮೊದಲೇ ಪಿನ್ ಮಾಡಿ. ಆಟದಲ್ಲಿ ಸುಳ್ಳು ಹೇಳುವುದು ಪಾತ್ರದ ಕೆಲಸ. ಅದನ್ನೇ ಹಿಡಿದು ‘ಇವರು ಸುಳ್ಳು ಹೇಳುವವರು, ಅಂದೇ ನೋಡಿದ್ದೇವೆ’ ಎಂದು ಚರ್ಚೆಯಲ್ಲಿ ಬರೆದವರಿಗೆ ಮುಂದಿನ ಎರಡು ಆಟ ಇಲ್ಲ. ಚರ್ಚೆಯಲ್ಲಿ ಆ ವಾರ ಯಾರನ್ನಾದರೂ ತಡೆದ ಮಾಡರೇಟರ್ ಅದೇ ವಾರ ಆಟ ನಡೆಸುವುದೂ ಬೇಡ.