ವಸಂತದ ಮೂರು ಸಂಜೆಗಳು: ಗಮಕಕ್ಕಾಗಿಯೇ ಹೋಗಬೇಕು

ಯುಗಾದಿಯ ಆಸುಪಾಸಿನಲ್ಲಿ ಶಿವಮೊಗ್ಗದ ವಿಶ್ವವಿದ್ಯಾಲಯ ಆವರಣವೊಂದರಲ್ಲಿ ನಡೆದ ಕಲೆ, ಸಂಗೀತ ಮತ್ತು ಉಪನ್ಯಾಸಗಳ ಮೂರು ಸಂಜೆಗಳಿಗೂ ನಾನು ಹಾಜರಿದ್ದೆ. ಪ್ರವೇಶ ಉಚಿತವಾಗಿತ್ತು. ಚಿತ್ರಪ್ರದರ್ಶನ ಅಚ್ಚುಕಟ್ಟಾಗಿತ್ತು, ಆದರೆ ಮನಸ್ಸಿನಲ್ಲಿ ನಿಂತದ್ದು ಎರಡನೆಯ ಸಂಜೆಯ ಗಮಕ ವಾಚನ, ಅಂದರೆ ಕಾವ್ಯವನ್ನು ರಾಗವಾಗಿ ಓದುವ ಕಲೆ.

ಮೂರು ಮತ್ತು ನಾಲ್ಕು ಮಾತ್ರೆಗಳ ಗಣಗಳು ಒಂದರ ಹಿಂದೊಂದು ಬರುವ, ಚಿಕ್ಕ ಸಾಲಿಗೆ 14 ಮಾತ್ರೆ ಹಾಗೂ ಮೂರನೆಯ ಮತ್ತು ಆರನೆಯ ಸಾಲುಗಳಿಗೆ 23 ಮಾತ್ರೆಗಳಿರುವ ಭಾಮಿನಿ ಷಟ್ಪದಿಯನ್ನು ಪುಸ್ತಕದಲ್ಲಿ ಓದುವುದು ಬೇರೆ, ತಾಳದ ಕಟ್ಟಿಲ್ಲದೆ ಭಾವಕ್ಕೆ ತಕ್ಕ ರಾಗದಲ್ಲಿ ಕೇಳುವುದೇ ಬೇರೆ. ವಾಚನಕಾರರು ಒಂದು ಪದವನ್ನೂ ರಾಗಕ್ಕೆ ಬಲಿಕೊಡಲಿಲ್ಲ. ವ್ಯಾಖ್ಯಾನಕಾರರು ಪದ್ಯ ಮುಗಿಯುವವರೆಗೆ ಕಾದು, ಕುಮಾರವ್ಯಾಸನ ರೂಪಕಗಳನ್ನು ಎಳೆಎಳೆಯಾಗಿ ಬಿಡಿಸಿದರು. ತುಂಗೆಯ ದಡದ ಹೊಸಹಳ್ಳಿಯ ಗಮಕಿ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಸಂದ ಜಿಲ್ಲೆಯಿದು. ಇಲ್ಲಿನ ವಿದ್ಯಾರ್ಥಿಗಳು ಈ ಕಲೆಯನ್ನು ಎದುರಿಗೆ ಕುಳಿತು ಕೇಳಿದ್ದು ನನಗೆ ಅತ್ಯಂತ ಸಂತೋಷ ತಂದಿತು.

ಕೊನೆಯ ದಿನದ ಉಪನ್ಯಾಸ ಪಶ್ಚಿಮಘಟ್ಟದ ಕಾಡುಗಳನ್ನು ಕುರಿತದ್ದು. ವಿಷಯ ಗಟ್ಟಿಯಾಗಿತ್ತು, ಆದರೆ ಸ್ವಾಗತ ಮತ್ತು ಸನ್ಮಾನಗಳಿಗೇ ಮುಕ್ಕಾಲು ಗಂಟೆ ಹಿಡಿದುದರಿಂದ ಪ್ರಶ್ನೋತ್ತರಕ್ಕೆ ಸಮಯ ಉಳಿಯಲಿಲ್ಲ. ತೀರ್ಥಹಳ್ಳಿಯ ಕಡೆಯಿಂದ ಬಂದವರು ಬಸ್ಸಿಗಾಗಿ ನಡುವೆಯೇ ಎದ್ದು ಹೋದರು. ಧ್ವನಿವರ್ಧಕದ ಪ್ರತಿಧ್ವನಿಯಿಂದ ಹಿಂದಿನ ಸಾಲುಗಳಿಗೆ ಮಾತು ಸ್ಪಷ್ಟವಾಗಿ ಕೇಳಿಸಲಿಲ್ಲ. ಮುಂದಿನ ವರ್ಷ ಹೋಗುವವರು ಅರ್ಧ ಗಂಟೆ ಮುಂಚಿತವಾಗಿ ತಲುಪಿ, ಮುಂದಿನ ಸಾಲುಗಳಲ್ಲೇ ಕುಳಿತುಕೊಳ್ಳಬೇಕೆಂದು ಕೋರುತ್ತೇನೆ.