ಬಳ್ಳಾರಿಯ ಧೂಳಿನ ನಡುವೆ ಡಿಎಲ್‌ಎಸ್ ಯಂತ್ರ: ವರ್ಷಗಟ್ಟಲೆ ಬಳಸಿದ ಮೇಲೆ

ಪ್ರೋಟೀನ್ ಮೇಲೆ ಕೆಲಸ ಮಾಡುವವರು ಡೈನಾಮಿಕ್ ಲೈಟ್ ಸ್ಕ್ಯಾಟರಿಂಗ್ (ಡಿಎಲ್‌ಎಸ್) ಯಂತ್ರ, ಅಂದರೆ ದ್ರಾವಣದಲ್ಲಿರುವ ಕಣಗಳ ಗಾತ್ರವನ್ನು ಬೆಳಕಿನಿಂದ ಅಳೆಯುವ ಯಂತ್ರ, ಕೊಳ್ಳಬಹುದಾ ಎಂದು ಕೇಳಿದರೆ, ಧಾರಾಳವಾಗಿ ಕೊಳ್ಳಿ ಎನ್ನುತ್ತೇನೆ. ಆದರೆ ಬಳ್ಳಾರಿಯಂಥ ಊರಿನಲ್ಲಿದ್ದರೆ ಫಿಲ್ಟರ್‌ಗಳಿಗೆಂದೇ ಪ್ರತಿವರ್ಷ ದುಡ್ಡು ತೆಗೆದಿಡಿ.

ನಮ್ಮ ಲ್ಯಾಬಿನಲ್ಲಿರುವುದು 633 ನ್ಯಾನೊಮೀಟರ್‌ನ ಕೆಂಪು ಲೇಸರ್, 173 ಡಿಗ್ರಿ ಕೋನದಲ್ಲಿ ಚದುರಿದ ಬೆಳಕನ್ನು ಹಿಡಿಯುವ ಮಾದರಿ. ದ್ರಾವಣದಲ್ಲಿ ಸಣ್ಣ ಅಣುಗಳು ಚುರುಕಾಗಿ ಅಲೆದಾಡುತ್ತವೆ, ದೊಡ್ಡವು ನಿಧಾನ. ಬೆಳಕಿನ ಏರಿಳಿತದಿಂದ ಆ ಚಲನೆಯನ್ನು ಅಳೆದು ಗಾತ್ರ ಹೇಳುತ್ತದೆ. ಬಿಎಸ್‌ಎ (ಹಸುವಿನ ರಕ್ತದ ಆಲ್ಬುಮಿನ್ ಪ್ರೋಟೀನ್) ಹಾಕಿದರೆ ಸುಮಾರು 7 ನ್ಯಾನೊಮೀಟರ್ ವ್ಯಾಸ ಬರಬೇಕು, ಬರುತ್ತದೆ. ಅಳೆದ ಸ್ಯಾಂಪಲ್ ಕೆಡುವುದಿಲ್ಲ, ವಾಪಸ್ ತೆಗೆದು ಬಳಸಬಹುದು. ಕಷ್ಟಪಟ್ಟು ಶುದ್ಧೀಕರಿಸಿದ ಪ್ರೋಟೀನ್ ಚೂರೇ ಇರುವವರಿಗೆ ಇದರ ಬೆಲೆ ಗೊತ್ತು.

ಇಲ್ಲಿನ ದೊಡ್ಡ ಶತ್ರು ಧೂಳು. ಸಣ್ಣ ಕಣಗಳು ಚದುರಿಸುವ ಬೆಳಕು ವ್ಯಾಸದ ಆರನೇ ಘಾತದಂತೆ ಏರುತ್ತದೆ: ಹತ್ತು ಪಟ್ಟು ದೊಡ್ಡ ಕಣ ಹತ್ತು ಲಕ್ಷ ಪಟ್ಟು ಬೆಳಕು ಚದುರಿಸುತ್ತದೆ. ಅದಿರಿನ ಲಾರಿಗಳು ಓಡಾಡುವ ರಸ್ತೆಯ ಕಡೆ ಕಿಟಕಿ ತೆರೆದಿಟ್ಟು ಕ್ಯುವೆಟ್ (ಸ್ಯಾಂಪಲ್ ಹಾಕುವ ಪುಟ್ಟ ಪಾರದರ್ಶಕ ಪಾತ್ರೆ) ತುಂಬಿದರೆ ಪ್ರೋಟೀನ್ ಕಾಣುವುದೇ ಇಲ್ಲ. ಬೆಳಕಿನ ಏರಿಳಿತ ಎಷ್ಟು ಬೇಗ ಬದಲಾಗುತ್ತದೆ ಎಂದು ತೋರಿಸುವ ಗ್ರಾಫಿನ ಗೆರೆ ನುಣುಪಾಗಿ ಕೆಳಗಿಳಿದು ಮಲಗುವ ಬದಲು ಕೊನೆಯಲ್ಲಿ ಉಬ್ಬು ಎದ್ದು ಎಳೆದಾಡುತ್ತದೆ. ಪ್ರೋಟೀನ್ ಕರಗಿಸುವ ಬಫರ್ ದ್ರಾವಣವನ್ನು 0.22 ಮೈಕ್ರಾನ್ ಫಿಲ್ಟರಿನಲ್ಲಿ ಸೋಸಿ, ಪ್ರೋಟೀನನ್ನು ಸೆಂಟ್ರಿಫ್ಯೂಜ್ ಮಾಡಿ, ಕ್ಯುವೆಟ್‌ಗೆ ಮುಚ್ಚಳ ಹಾಕಿಯೇ ಒಳಗಿಡಿ.

ಬೇಸಿಗೆಯಲ್ಲಿ ಇನ್ನೊಂದು ತಾಪತ್ರಯ. ಫ್ರಿಜ್ಜಿನಿಂದ ತೆಗೆದ ಕ್ಯುವೆಟ್‌ನ ಹೊರಮೈ ಬೆವರುತ್ತದೆ, ಒಳಗೆ ಸಣ್ಣ ಗುಳ್ಳೆಗಳು ಅಂಟಿಕೊಳ್ಳುತ್ತವೆ. ಒರೆಸಿ, ಮೆಲ್ಲಗೆ ತಟ್ಟಿ, 25 ಡಿಗ್ರಿಗೆ ಬರುವವರೆಗೆ ಕಾಯಲೇಬೇಕು. ಆ ಆಸುಪಾಸಿನಲ್ಲಿ ಒಂದು ಡಿಗ್ರಿ ಏರಿದರೆ ನೀರಿನ ಸ್ನಿಗ್ಧತೆ ಸುಮಾರು ಶೇ. 2ರಷ್ಟು ಇಳಿಯುತ್ತದೆ, ಗಾತ್ರದ ಲೆಕ್ಕವೂ ಅಷ್ಟೇ ತಪ್ಪುತ್ತದೆ.

ನನ್ನ ನಿಜವಾದ ತಕರಾರು ಸಾಫ್ಟ್‌ವೇರ್ ಮೇಲೆ. ಗಾತ್ರದ ಪಕ್ಕದಲ್ಲೇ ಅಣುತೂಕವನ್ನೂ ಕಿಲೋಡಾಲ್ಟನ್‌ಗಳಲ್ಲಿ ತೋರಿಸುತ್ತದೆ. ಅದು ಅಳತೆಯಲ್ಲ, ಅಣು ಗುಂಡಗಿದೆ ಎಂದುಕೊಂಡು ಹಾಕಿದ ಅಂದಾಜು. ವಿದ್ಯಾರ್ಥಿಗಳು ಅದನ್ನೇ ಥೀಸಿಸ್‌ನಲ್ಲಿ ಬರೆಯುವುದು ನೋಡಿದರೆ ಹೊಟ್ಟೆ ಉರಿಯುತ್ತದೆ. ತೂಕ ಬೇಕಿದ್ದರೆ, ಚದುರಿದ ಬೆಳಕಿನ ಸರಾಸರಿ ತೀವ್ರತೆಯಿಂದ ತೂಕ ಕಂಡುಹಿಡಿಯುವ ಸ್ಟ್ಯಾಟಿಕ್ ಲೈಟ್ ಸ್ಕ್ಯಾಟರಿಂಗ್ ಮಾಡಿಸಿ. ಒಂಟಿ ಅಣು, ಜೋಡಿ ಅಣು ಬೆರೆತಿದ್ದರೂ ಡಿಎಲ್‌ಎಸ್ ಬಿಡಿಸಿ ತೋರಿಸದು. ಗಾತ್ರದ ಗ್ರಾಫಿನಲ್ಲಿ ಎರಡು ಶಿಖರ ಬೇರೆಯಾಗಿ ಕಾಣಲು ಗಾತ್ರದಲ್ಲಿ ಹೆಚ್ಚುಕಡಿಮೆ ಮೂರು ಪಟ್ಟು ವ್ಯತ್ಯಾಸ ಬೇಕು. ಆದರೆ ಪ್ರೋಟೀನ್ ಗಂಟುಕಟ್ಟಲು ಶುರುವಾಗಿದೆಯಾ ಎಂಬುದನ್ನು ಇದರಷ್ಟು ಬೇಗ ಹೇಳುವ ಯಂತ್ರ ನಮ್ಮಲ್ಲಿ ಇನ್ನೊಂದಿಲ್ಲ. ಕ್ರಿಸ್ಟಲ್ ಬೆಳೆಸಲು ಇಡುವ ಮುನ್ನ ಪ್ರತಿ ಬ್ಯಾಚನ್ನೂ ಇದರಲ್ಲಿ ನೋಡಿಯೇ ಮುಂದೆ ಹೋಗುತ್ತೇವೆ.

ಸರ್ವಿಸ್ ಮಾತ್ರ ನಿಧಾನ, ಬೆಂಗಳೂರಿನಿಂದ ಎಂಜಿನಿಯರ್ ಬರಬೇಕು. ಕರೆಂಟ್ ಹೋಗಿ ಬರುವ ಕಡೆ ಯುಪಿಎಸ್ ಇಲ್ಲದೆ ಲೇಸರ್ ಆನ್ ಮಾಡಬೇಡಿ.