ದಾದರ್‌ಗೆ ಹೋಗಿ ಹಸುಗೂಸಿನ ‘18 ಪೀಸ್ ಸೆಟ್’ ತರುವವರಿದ್ದರೆ ಒಂದು ನಿಮಿಷ ನಿಲ್ಲಿ

ಮುಂಬೈ, ಠಾಣೆ, ಡೊಂಬಿವಲಿ ಕಡೆ ಯಾರ ಮನೆಯಲ್ಲಾದರೂ ಮಗು ಹುಟ್ಟುವುದಿದ್ದರೆ ದಯವಿಟ್ಟು ಇದನ್ನು ಪೂರ್ತಿ ಓದಿ. ಬರೆಯಲು ನಾಚಿಕೆಯಾಗುತ್ತಿದೆ. ಆದರೂ ಬರೆಯುತ್ತಿದ್ದೇನೆ, ಯಾಕೆಂದರೆ ನಾನು ಮೋಸ ಹೋದದ್ದಕ್ಕೆ ಕಷ್ಟಪಟ್ಟದ್ದು ಹತ್ತು ದಿನದ ಕೂಸು.

ಮಗು ಹುಟ್ಟುವ ಮುಂಚೆ ಬಟ್ಟೆ ತರುವ ಪದ್ಧತಿ ನಮ್ಮಲ್ಲಿ ಇಲ್ಲ. ಹೀಗಾಗಿ ಸೆಪ್ಟೆಂಬರ್ ಕೊನೆಗೆ ಮಗಳು ಹುಟ್ಟಿದ ಮರುದಿನ ನಾನು ಆಸ್ಪತ್ರೆಯಿಂದಲೇ ಲೋಕಲ್ ಹಿಡಿದು ದಾದರ್‌ಗೆ ಓಡಿದೆ. ರಾತ್ರಿ ನಿದ್ದೆ ಇರಲಿಲ್ಲ. ಬೇಗ ತಗೊಂಡು ಬೇಗ ವಾಪಸ್ ಹೋಗಬೇಕು ಅನ್ನುವುದೊಂದೇ ತಲೆಯಲ್ಲಿ. ಒಂದು ಗಲ್ಲಿಯ ಅಂಗಡಿ ಮುಂದೆ ನಿಂತು ಫೋನಿನಲ್ಲಿ ಅಮ್ಮನ ಜೊತೆ ಕನ್ನಡದಲ್ಲಿ ಮಾತಾಡುತ್ತಿದ್ದೆ, ಅಷ್ಟರಲ್ಲಿ ಒಳಗಿನಿಂದ ಒಂದು ದನಿ. "ಊರು ಯಾವುದಣ್ಣಾ?"

ಅಲ್ಲೇ ನಾನು ಸೋತೆ. ಹಿಂದಿ, ಮರಾಠಿ ಮಧ್ಯೆ ಹೀಗೆ ಯಾರಾದರೂ ಕೇಳಿದರೆ ಎಷ್ಟು ಖುಷಿಯಾಗುತ್ತದೆ ಅಂತ ಇಲ್ಲಿರುವವರಿಗೆ ಗೊತ್ತಲ್ವಾ. ಕೂರಿಸಿದ, ಕಟಿಂಗ್ ಚಹಾ ತರಿಸಿದ, ಮಗಳು ಹುಟ್ಟಿದ್ದಾಳೆ ಅಂದಿದ್ದಕ್ಕೆ "ಲಕ್ಷ್ಮಿ ಬಂದಳು" ಅಂದ. ಆಮೇಲೆ ಮಿರಮಿರ ಹೊಳೆಯುವ ದೊಡ್ಡ ಪೆಟ್ಟಿಗೆ ಇಳಿಸಿದ. "18 ಪೀಸ್ ಸೆಟ್ ಅಣ್ಣಾ, ಪ್ಯೂರ್ ಹೊಸಿಯರಿ ಕಾಟನ್. ಬೇರೆಯವರಿಗೆ 3,500. ನಮ್ಮವರಿಗೆ 2,850." ಪೆಟ್ಟಿಗೆ ಮೇಲೆ ‘100% ಕಾಟನ್’ ಅಂತ ಚೀಟಿ ಅಂಟಿಸಿತ್ತು. ಬಿಚ್ಚಿ ತೋರಿಸಿ ಅಂದೆ. "ಹಸುಗೂಸಿನ ಬಟ್ಟೆ, ಹತ್ತು ಜನ ಮುಟ್ಟಬಾರದು ಅಂತ ಸೀಲ್ ಮಾಡಿರೋದು" ಅಂದ. ಹೌದಲ್ವಾ, ಒಳ್ಳೆಯದೇ ಹೇಳುತ್ತಿದ್ದಾನೆ ಅನ್ನಿಸಿತು. ಯುಪಿಐ ಮಾಡಿದೆ, ಒಂದು ಚೀಟಿಯಲ್ಲಿ 2,850 ಅಂತ ಗೀಚಿ ಕೊಟ್ಟ, ಅಂಗಡಿ ಹೆಸರೂ ಇಲ್ಲ, ತಾರೀಕೂ ಇಲ್ಲ. ನಾನು ನೋಡಲೂ ಇಲ್ಲ.

ಮನೆಗೆ ಬಂದಾಗ ಅತ್ತೆ ಹುಬ್ಬಳ್ಳಿಯಿಂದ ಬಂದಿದ್ದರು. ಹಳೇ ಕಾಟನ್ ಸೀರೆ, ಮಾವನವರ ಪಂಚೆ ಕತ್ತರಿಸಿ, ಬಿಸಿನೀರಿನಲ್ಲಿ ಒಗೆದು ಒಣಗಿಸಿ ಒಂದು ಗಂಟು ತಂದಿದ್ದರು. ಜೊತೆಗೆ ಕೈಯಲ್ಲಿ ಹೊಲಿದ ಎರಡು ಕುಲಾವಿ. ನಾನು ಏನಂದೆ ಗೊತ್ತಾ? "ಅತ್ತೆ, ಹಳೇ ಬಟ್ಟೆ ಯಾಕೆ, ಎಲ್ಲ ಹೊಸದೇ ತಂದಿದ್ದೇನೆ." ಅವರು ಸುಮ್ನೆ ಗಂಟು ಕಟ್ಟಿ ಮಂಚದ ಕೆಳಗಿಟ್ಟರು. ಆ ಮಾತು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಪೆಟ್ಟಿಗೆ ಬಿಚ್ಚಿ ಎಣಿಸಿದಾಗ ಮೊದಲ ಪೆಟ್ಟು. ಜಬಲಾ (ಕೂಸಿನ ಅಂಗಿ) ಮೂರು, ಲಂಗೋಟಿ ಮೂರು, ಟೋಪಿ ಎರಡು, ಬಿಬ್ ಒಂದು, ಸುತ್ತುವ ಬಟ್ಟೆ ಒಂದು. ಹತ್ತು ಆಯಿತು. ಉಳಿದ ಎಂಟು? ಕೈಗವಸು ಎರಡು ಜೊತೆ, ಕಾಲುಚೀಲ ಎರಡು ಜೊತೆ, ಬಿಡಿಬಿಡಿಯಾಗಿ ಎಣಿಸಿದರೆ ಎಂಟು! ಹಸುಗೂಸಿಗೆ ದಿನಕ್ಕೆ ಹತ್ತು ಹನ್ನೆರಡು ಲಂಗೋಟಿ ಬೇಕು, ಇದರಲ್ಲಿ ಮೂರು. ಮೂರು! ಫೋನ್ ಮಾಡಿದೆ. "ಅಣ್ಣಾ, ಕೈ ಎರಡು ಅಂದಮೇಲೆ ಪೀಸ್ ಎರಡು ತಾನೇ?" ಅಂತ ನಕ್ಕ. ನಗು ಕೇಳಿ ಮೈ ಉರಿಯಿತು. ಆದರೂ ಬಟ್ಟೆ ಕಾಟನ್ ಅಲ್ವಾ, ಹೋಗಲಿ ಅಂತ ಬಿಟ್ಟೆ.

ಅಕ್ಟೋಬರ್ ಬಂತು. ಮುಂಬೈಯ ಅಕ್ಟೋಬರ್ ಸೆಕೆ ನಿಮಗೆ ಹೇಳಬೇಕಾಗಿಲ್ಲ. ಮಗು ರಾತ್ರಿಯೆಲ್ಲಾ ಅಳುತ್ತಿತ್ತು. ಹಸಿವು ಅಂದುಕೊಂಡೆವು, ಹೊಟ್ಟೆನೋವು ಅಂದುಕೊಂಡೆವು, ದೃಷ್ಟಿ ಕೂಡ ತೆಗೆದೆವು. ಜಬಲಾ ಮುಂದೆ ಕಟ್ಟುವಂಥದ್ದಲ್ಲ, ತಲೆಯಿಂದ ಹಾಕುವಂಥದ್ದು, ಕುತ್ತಿಗೆ ಬಿಗಿ. ಆ ಎಳೆಯ ತಲೆಯನ್ನು ಅದರೊಳಗೆ ತೂರಿಸಲು ಹೆಂಡತಿ ಒದ್ದಾಡುತ್ತಿದ್ದಳು. ಲಂಗೋಟಿಗೆ ಇಲಾಸ್ಟಿಕ್, ಅದು ಇನ್ನೂ ಉದುರದ ಹೊಕ್ಕುಳಬಳ್ಳಿಗೇ ತಾಗುತ್ತಿತ್ತು. ಒಂದು ಬೆಳಿಗ್ಗೆ ಕೈಗವಸು ತೆಗೆದರೆ ಒಳಗಿನ ಬಿಡಿ ದಾರ ಕಿರುಬೆರಳಿಗೆ ಸುತ್ತಿ ಬೆರಳು ಕೆಂಪಾಗಿ ಊದಿಕೊಂಡಿತ್ತು. ಇನ್ನು ಸ್ವಲ್ಪ ಹೊತ್ತು ಬಿಟ್ಟಿದ್ದರೆ ರಕ್ತ ಓಡಾಟವೇ ನಿಂತುಬಿಡುತ್ತಿತ್ತು ಅಂತ ಡಾಕ್ಟರ್ ಅಂದರು. ಕುತ್ತಿಗೆ, ಬೆನ್ನು ತುಂಬಾ ಕೆಂಪು ಗುಳ್ಳೆ. "ಬೆವರುಸಾಲೆ ಇದು. ಬೆವರು ಹೊರಗೆ ಬರಲು ಜಾಗ ಇಲ್ಲ. ಮೊದಲು ಈ ಬಟ್ಟೆ ತೆಗೀರಿ, ಟೋಪಿ ಹಾಕಿ ಮಲಗಿಸಬೇಡಿ" ಅಂದರು.

ಕಾಟನ್ ಬಟ್ಟೆಯಲ್ಲಿ ಬೆವರುಸಾಲೆ ಯಾಕೆ ಅಂತ ನಾನು ಮನೆಗೆ ಬಂದು ಗೊಣಗಿದೆ. ಅತ್ತೆ ಏನೂ ಮಾತಾಡಲಿಲ್ಲ. ಜಬಲಾದ ಅಂಚಿನಿಂದ ಒಂದು ಎಳೆ ಎಳೆದರು, ಗಂಟಿನಿಂದ ಸೀರೆಯ ಒಂದು ಎಳೆ ತೆಗೆದರು. ಅಡುಗೆಮನೆಗೆ ಹೋಗಿ ಸಿಂಕ್ ಮೇಲೆ ಹಿಡಿದು ಕಡ್ಡಿ ಗೀರಿದರು. ಸೀರೆ ಎಳೆ ಕಾಗದ ಸುಟ್ಟ ಹಾಗೆ ಸುಟ್ಟು ಬೂದಿಯಾಗಿ ಉದುರಿತು. ಜಬಲಾ ಎಳೆ ಕರಗಿತು. ಕರಗಿ, ಮುದುಡಿ, ತುದಿಯಲ್ಲಿ ಕಪ್ಪು ಮಣಿಯ ಹಾಗೆ ಗಟ್ಟಿಯಾಯಿತು. ಪ್ಲಾಸ್ಟಿಕ್ ವಾಸನೆ. "ಇದು ಅರಿವಿ ಅಲ್ರೀ" ಅಂದರು ಅತ್ತೆ, ಅಷ್ಟೇ. ಮಂಚದ ಕೆಳಗಿನ ಗಂಟನ್ನು ನಾನೇ ಬಗ್ಗಿ ಎಳೆದು ಅವರ ಕೈಗೆ ಕೊಟ್ಟೆ. ಮುಖ ಎತ್ತಿ ನೋಡಲು ಆಗಲಿಲ್ಲ.

ಮರುದಿನ ಪೆಟ್ಟಿಗೆ ಹೊತ್ತು ಫಾಸ್ಟ್ ಲೋಕಲ್‌ನ ಆ ಗರ್ದಿಯಲ್ಲಿ ಮತ್ತೆ ದಾದರ್. ನನ್ನನ್ನು ನೋಡಿದ್ದೇ ಅವನ ಕನ್ನಡ ಮಾಯ, ಹಿಂದಿ ಶುರು. ಬಾಯಿಬಿಟ್ಟು ಕೇಳಿದ ಮೇಲೆ ಕನ್ನಡಕ್ಕೆ ಬಂದ. "ಕಾಟನ್ ಅಂದ್ರೆ ಕಾಟನ್ ಟಚ್ ಅಣ್ಣಾ, ಈಗ ಎಲ್ಲಾ ಇದೇ ಬರೋದು." ಚೀಟಿ ತೋರಿಸಿದೆ. "ಅದು ಕಂಪನಿಯವರು ಅಂಟಿಸೋದು, ನಾನಾ ಅಂಟಿಸಿದ್ದು?" ಮಗುವಿನ ಬೆನ್ನಿನ ಫೋಟೋ ತೋರಿಸಿದೆ. "ಪೌಡರ್ ಹಾಕಿ, ಹೋಗುತ್ತೆ." ಪೌಡರ್ ಹಾಕಲೇಬೇಡಿ, ಉಸಿರಿನ ಜೊತೆ ಒಳಗೆ ಹೋಗುತ್ತದೆ ಅಂತ ಡಾಕ್ಟರ್ ಹೇಳಿ ಒಂದು ದಿನವೂ ಆಗಿರಲಿಲ್ಲ. ಹಣ ಕೊಡಿ ಅಂದೆ. "ಮಗು ಹಾಕಿದ ಬಟ್ಟೆ ವಾಪಸ್ ಯಾರು ತಗೋತಾರೆ? ನಮ್ಮವರಾಗಿ ಹೀಗೆ ಗಲಾಟೆ ಮಾಡ್ತೀರಲ್ಲ!" ನಮ್ಮವರಾಗಿ! ಆ ಮಾತು ಅವನ ಬಾಯಲ್ಲಿ ಬಂತು ನೋಡಿ.

ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ದೋಷ ಇರುವ ಮಾಲನ್ನು ಬಿಲ್ಲಿನಲ್ಲಿ ಬರೆದ ಅವಧಿಯೊಳಗೆ, ಅವಧಿ ಬರೆದಿಲ್ಲದಿದ್ದರೆ 30 ದಿನದೊಳಗೆ, ವಾಪಸ್ ತಗೊಂಡು ಹಣ ಕೊಡಲು ಒಪ್ಪದಿರುವುದು ತಪ್ಪು. ಬಿಲ್ ಕೊಡದಿರುವುದೂ ತಪ್ಪೇ. ಆದರೆ ನನ್ನ ಕೈಯಲ್ಲಿರುವುದು ಹೆಸರಿಲ್ಲದ ಚೀಟಿ. ಯುಪಿಐನಲ್ಲಿ ಬಂದ ಹೆಸರೂ ಅಂಗಡಿಯದ್ದಲ್ಲ, ಯಾರೋ ಬೇರೆಯವರದು. ದೂರು ಕೊಟ್ಟಿದ್ದೇನೆ. ಇವತ್ತಿನವರೆಗೆ ಒಂದು ರೂಪಾಯಿ ಬಂದಿಲ್ಲ.

ಪಕ್ಕಾ ಬಿಲ್ ಇಲ್ಲದೆ ಏನೂ ತಗೋಬೇಡಿ, ಯಾವ ಭಾಷೆಯಲ್ಲಿ ಮಾತಾಡಿದರೂ ಸರಿ. ಸೀಲ್ ಮಾಡಿದ ಸೆಟ್ ಮುಟ್ಟಲೇಬೇಡಿ. ಪೆಟ್ಟಿಗೆಯ ಚೀಟಿ ನಂಬಬೇಡಿ, ಒಳಗಿನ ಬಟ್ಟೆಗೇ ಲೇಬಲ್ ಇದೆಯಾ ನೋಡಿ, ಕೈಗವಸು ಒಳಮಗ್ಗುಲು ತಿರುಗಿಸಿ ದಾರ ನೋಡಿ. ಮುಂದೆ ಲಾಡಿ ಕಟ್ಟುವ ಜಬಲಾ ಸಾಕು. ಈಗ ನಾವು ದಾದರ್‌ನ ಹಿಂದ್‌ಮಾತಾ ಬಟ್ಟೆ ಮಾರುಕಟ್ಟೆಯಲ್ಲಿ ಮೀಟರ್ ಲೆಕ್ಕದಲ್ಲಿ ಮಲ್‌ಮಲ್ (ತೆಳು ಕಾಟನ್ ಬಟ್ಟೆ) ತಂದಿದ್ದೇವೆ, ಅತ್ತೆ ಎರಡು ಡಜನ್ ಲಂಗೋಟಿ, ಎಂಟು ಜಬಲಾ ಹೊಲಿದುಕೊಟ್ಟಿದ್ದಾರೆ. ಎಲ್ಲಾ ಸೇರಿ ಆ ಪೆಟ್ಟಿಗೆಯ ಅರ್ಧ ದುಡ್ಡೂ ಆಗಲಿಲ್ಲ. ಗುಳ್ಳೆ ನಾಲ್ಕೇ ದಿನದಲ್ಲಿ ಇಳಿಯಿತು, ಮಗು ರಾತ್ರಿ ಮಲಗುತ್ತಿದೆ.

ನಿನ್ನೆ ಅವನದೇ ನಂಬರಿನಿಂದ ಮೆಸೇಜ್ ಬಂತು. "ಅಣ್ಣಾ, ದೀಪಾವಳಿಗೆ ಪಾಪುಗೆ ಹೊಸ ಸ್ಟಾಕ್ ಬಂದಿದೆ, ನಮ್ಮವರಿಗೆ ಡಿಸ್ಕೌಂಟ್." ಅದರ ಸ್ಕ್ರೀನ್‌ಶಾಟ್ ಕೂಡ ದೂರಿಗೆ ಸೇರಿಸಿದ್ದೇನೆ.